ಸೇನೆಯ ನಿರ್ಧಾರಗಳಿಗೆ ಸಮೀಕ್ಷೆ ಆಧಾರವಾಗಬೇಕೆ?

ಪರ: ಕೇಳದೆ ತಿಳಿಯುವುದಿಲ್ಲ

ತನ್ನ ತುಕಡಿಯ ಮನಸ್ಸು ತನಗೆ ಗೊತ್ತು ಎಂದು ಅಧಿಕಾರಿಗಳು ನಂಬಿರುತ್ತಾರೆ. ಆದರೆ ಎದುರಿಗೆ ಅಟೆನ್ಷನ್‌ನಲ್ಲಿ ನಿಂತ ಯೋಧನ ಬಾಯಿಂದ ಬರುವುದು "ಎಲ್ಲ ಸರಿಯಿದೆ ಸರ್" ಎಂಬ ಮಾತು ಮಾತ್ರ. ಈ ಗೋಡೆಯನ್ನು ದಾಟುವ ದಾರಿಯನ್ನು ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ ಮುನ್ನಡೆಸಿದ ಅಮೆರಿಕ ಸೇನೆಯ ಸಂಶೋಧನಾ ಶಾಖೆ ಎರಡನೆಯ ಮಹಾಯುದ್ಧದಲ್ಲಿ ತೋರಿಸಿತು. ಆಯ್ದ ಯೋಧರನ್ನು ಒಂದೆಡೆ ಕೂರಿಸಿ, ಅಧಿಕಾರಿಗಳನ್ನು ಹೊರಗಿಟ್ಟು, ಹೆಸರು ಬರೆಯಬೇಡಿ ಎಂದು ಹೇಳಿ ಪ್ರಶ್ನಾವಳಿ ಹಂಚಿದರು. ಓದಲು ಬಾರದವರನ್ನು ಬಾಯಿಮಾತಿನಲ್ಲೇ ಕೇಳಿದರು. ಉತ್ತರಿಸಿದವರು ಸುಮಾರು 5 ಲಕ್ಷ.

ಸಿಕ್ಕ ಉತ್ತರಗಳು ಊಹೆಯನ್ನೇ ಬುಡಮೇಲು ಮಾಡಿದವು. ಬಡ್ತಿ ಬೇಗ ಸಿಗುತ್ತಿದ್ದ ವಾಯುದಳದವರಿಗೆ ಬಡ್ತಿಯ ಬಗ್ಗೆ ಅಸಮಾಧಾನ ಹೆಚ್ಚಿತ್ತು. ಅದು ಅಪರೂಪವಾಗಿದ್ದ ಮಿಲಿಟರಿ ಪೊಲೀಸರಿಗೆ ಕಡಿಮೆ. ಪಕ್ಕದವನಿಗೆ ಸಿಕ್ಕದ್ದು ತನಗೆ ಸಿಗದಿದ್ದಾಗ ಮನಸ್ಸು ಕಹಿಯಾಗುತ್ತದೆ. ಯಾರಿಗೂ ಸಿಗದಿದ್ದಾಗ ಅಷ್ಟಾಗಿ ಅಲ್ಲ. ಯಾವ ಕಮಾಂಡರ್ ಇದನ್ನು ಕಣ್ಣಳತೆಯಲ್ಲಿ ಹೇಳಬಲ್ಲ?

ಯುದ್ಧ ಮುಗಿದಾಗ ಮೊದಲು ಯಾರನ್ನು ಮನೆಗೆ ಕಳಿಸಬೇಕು ಎಂಬ ಪ್ರಶ್ನೆ ಎದ್ದಾಗಲೂ ಯೋಧರನ್ನೇ ಕೇಳಿ ಅಂಕಪದ್ಧತಿ ರೂಪಿಸಿದರು. ಸೇವೆಯ ಪ್ರತಿ ತಿಂಗಳಿಗೆ 1 ಅಂಕ, ಅದು ಹೊರದೇಶದಲ್ಲಾದರೆ ಇನ್ನೊಂದು, ಪ್ರತಿ ಪದಕಕ್ಕೆ ಅಥವಾ ಕದನ ನಕ್ಷತ್ರಕ್ಕೆ (ಕಾಳಗದಲ್ಲಿ ಭಾಗಿಯಾದ ಗುರುತಿಗೆ) 5, ಮೂರು ಮಕ್ಕಳವರೆಗೆ ತಲಾ 12. ಬಿಡುಗಡೆಗೆ ಮೊದಲು ನಿಗದಿಯಾದ ಗೆರೆ 85. 24 ತಿಂಗಳ ಸೇವೆ, ಅದರಲ್ಲಿ 12 ಹೊರದೇಶದಲ್ಲಿ, ಎರಡು ನಕ್ಷತ್ರ, ಇಬ್ಬರು ಮಕ್ಕಳು ಎಂದರೆ 70 ಅಂಕ. ಆತ ಇನ್ನೂ ಕಾಯಬೇಕು. ಹಾಗಿದ್ದರೂ ಲೆಕ್ಕ ಎಲ್ಲರ ಕಣ್ಣೆದುರಿಗಿತ್ತು, ಅದರ ತೂಕವನ್ನು ಯೋಧರೇ ಹೇಳಿದ್ದರು.

ಸಮೀಕ್ಷೆ ಕೆಡುವುದು ಮಾಡುವವರ ಅವಸರದಿಂದ. "ಸಂಬಳ ಮತ್ತು ವಸತಿ ತೃಪ್ತಿಕರವೇ?" ಎಂದು ಎರಡನ್ನು ಒಂದೇ ಪ್ರಶ್ನೆಯಲ್ಲಿ ತುರುಕಿದರೆ ಬಂದ "ಇಲ್ಲ" ಯಾವುದಕ್ಕೆ ಎಂದು ತಿಳಿಯದು. ಮೊದಲು ಸಂಬಳದ ದೂರು ಕೇಳಿ, ಆಮೇಲೆ "ಸೇವೆ ಮುಂದುವರಿಸುತ್ತೀರಾ?" ಎಂದರೆ ಉತ್ತರ ವಾಲುತ್ತದೆ. ಹೆಸರು ಬೇಡವೆಂದು ಹೇಳಿ ರ‍್ಯಾಂಕ್, ವಯಸ್ಸು, ಊರು, ತುಕಡಿ ನಾಲ್ಕನ್ನೂ ಬರೆಸಿಕೊಂಡರೆ 30 ಜನರ ತುಕಡಿಯಲ್ಲಿ ಆಳು ಯಾರೆಂದು ಗೊತ್ತಾಗಿಬಿಡುತ್ತದೆ. ಮುಂದಿನ ಬಾರಿ ಯಾರೂ ನಿಜ ಬರೆಯುವುದಿಲ್ಲ. 1,000 ಜನರ ಮಾದರಿಯಲ್ಲಿ ಶೇ 3ರಷ್ಟು ಏರುಪೇರು ಸಹಜ. ಅದೇ ಮಾದರಿಯ 100 ಮಹಿಳೆಯರ ಉತ್ತರವನ್ನಷ್ಟೇ ಪ್ರತ್ಯೇಕಿಸಿದರೆ ಏರುಪೇರು ಶೇ 10ಕ್ಕೆ ಹೋಗುತ್ತದೆ. ಇವೆಲ್ಲ ತಿದ್ದಬಹುದಾದ ತಪ್ಪುಗಳು.

ಎಲ್ಲರೂ ಉತ್ತರಿಸುವುದಿಲ್ಲವೆಂದು ಸಮೀಕ್ಷೆಯನ್ನೇ ಕೈಬಿಡಿ ಎನ್ನುವವರು, ಒಬ್ಬ ರೋಗಿ ಥರ್ಮಾಮೀಟರ್ ಉಗುಳಿದನೆಂದು ಜ್ವರ ನೋಡುವುದನ್ನೇ ನಿಲ್ಲಿಸಿದ ವೈದ್ಯರಂತೆ. ಕೇಳಬೇಕು, ಮತ್ತೆ ಮತ್ತೆ ಕೇಳಬೇಕು.

ವಿರೋಧ: ಹೇಳುವುದು ಬೇರೆ, ಮಾಡುವುದು ಬೇರೆ

ಸಮೀಕ್ಷೆಯಿಂದ ಉಪಯೋಗವಿಲ್ಲ ಎನ್ನಲು ನನಗೂ ಮನಸ್ಸಿಲ್ಲ. ಅಂಕಪದ್ಧತಿ ಒಳ್ಳೆಯ ಕೆಲಸವೇ. ಆದರೆ ನಿರ್ಧಾರದ ಭಾರವನ್ನು ಅದರ ಮೇಲೆ ಹೊರಿಸಬಾರದು.

ನೇಮಕಾತಿಯನ್ನೇ ನೋಡಿ. 1973ರಲ್ಲಿ ಅಮೆರಿಕ ಕಡ್ಡಾಯ ಸೇನಾಭರ್ತಿ ನಿಲ್ಲಿಸಿದ ಮೇಲೆ ಯುವಜನರಿಗೆ ಫೋನ್ ಮಾಡಿ, ಸೇನೆ ಸೇರುವಿರಾ ಎಂದು ಕೇಳುವ ಸಮೀಕ್ಷೆ ವರ್ಷ ವರ್ಷ ನಡೆಯಿತು. ಖಂಡಿತ, ಬಹುಶಃ, ಬಹುಶಃ ಇಲ್ಲ, ಖಂಡಿತ ಇಲ್ಲ: ಉತ್ತರಗಳು ನಾಲ್ಕೇ. ಒಂದು ಲೆಕ್ಕ ಹಾಕೋಣ. 1,000 ಜನರಲ್ಲಿ 100 ಮಂದಿ ಹೌದೆಂದು ಹೇಳಿ, ಅವರಲ್ಲಿ ಶೇ 30 ಸೇರಿದರೆ 30 ಜನ. ಇಲ್ಲವೆಂದ 900ರಲ್ಲಿ ಬರೀ ಶೇ 4 ಮನಸ್ಸು ಬದಲಿಸಿದರೂ 36. ಹೌದೆಂದವರ ಹಿಂದೆಯೇ ಓಡುವ ನೇಮಕಾತಿ ಅಧಿಕಾರಿ ಅರ್ಧಕ್ಕಿಂತ ಹೆಚ್ಚು ಜನರನ್ನು ಕಳೆದುಕೊಳ್ಳುತ್ತಾನೆ.

ಉತ್ತರಿಸದವರ ವಿಷಯ ಥರ್ಮಾಮೀಟರ್ ಉಪಮೆಯಿಂದ ಮುಗಿಯುವುದಿಲ್ಲ. ಸಲಿಂಗಿಗಳು ಬಹಿರಂಗವಾಗಿ ಸೇವೆ ಸಲ್ಲಿಸುವ ಕುರಿತು 2010ರಲ್ಲಿ ಅಮೆರಿಕ ಸುಮಾರು 4 ಲಕ್ಷ ಸಿಬ್ಬಂದಿಗೆ ಪ್ರಶ್ನಾವಳಿ ಕಳಿಸಿತು. ಮರಳಿದ್ದು ಸುಮಾರು 1.15 ಲಕ್ಷ. ವಯಸ್ಸು, ರ‍್ಯಾಂಕ್ ನೋಡಿ, ಕಡಿಮೆ ಉತ್ತರಿಸಿದ ಗುಂಪಿನವರ ಉತ್ತರಕ್ಕೆ ಹೆಚ್ಚು ತೂಕ ಕೊಟ್ಟು ಸರಿಹೊಂದಿಸಬಹುದು. ಒಂದೇ ವಯಸ್ಸು, ಒಂದೇ ರ‍್ಯಾಂಕಿನವರಲ್ಲೂ ಬರೆದವನ ಮನಸ್ಸು ಬರೆಯದವನಂತಿಲ್ಲದಿದ್ದರೆ ಯಾವ ತೂಕವೂ ನೆರವಾಗದು.

ಸ್ಟೌಫರರ ಶಾಖೆಯದೇ ಇನ್ನೊಂದು ದಾಖಲೆಯಿದೆ. 1945ರಲ್ಲಿ ಯುರೋಪಿನಲ್ಲಿ ಕಪ್ಪು ಯೋಧರ ಪ್ಲಟೂನ್‌ಗಳನ್ನು ಬಿಳಿಯರ ಕಂಪನಿಗಳಿಗೆ (ಹಲವು ಪ್ಲಟೂನ್ ಸೇರಿದ ದಳಗಳಿಗೆ) ಸೇರಿಸಿದಾಗ, ಅಲ್ಲಿನ ಬಿಳಿಯ ಅಧಿಕಾರಿಗಳು, ಸಾರ್ಜೆಂಟ್‌ಗಳಲ್ಲಿ ಹೆಚ್ಚಿನವರಿಗೆ ಮೊದಲು ಅದು ಹಿಡಿಸಿರಲಿಲ್ಲ. ಜೊತೆಯಲ್ಲಿ ಕಾದಾಡಿದ ಮೇಲೆ ಬಹುಪಾಲು ಜನ ಅಭಿಪ್ರಾಯ ಬದಲಿಸಿದರು. ಒಪ್ಪಿಗೆ ಬರಲೆಂದು ಕಾದಿದ್ದರೆ ಆ ಪ್ಲಟೂನ್‌ಗಳು ಕದನಕ್ಕೇ ಇಳಿಯುತ್ತಿರಲಿಲ್ಲ.