ಕಾರಿನ ತಲೆ ಮೇಲೆ ಕೂತು ಬರುವ ಸೈಕಲ್ಲು

ಶನಿವಾರ ಬೆಳಗ್ಗೆ ಕುಶಾಲನಗರದ ಸೇತುವೆ ಹತ್ತಿರ ಸುಮ್ನೆ ನಿಂತು ನೋಡಿ. ಬೆಂಗಳೂರಿನ ಕಾರುಗಳು ಸಾಲುಗಟ್ಟಿ ಬರುತ್ತವೆ. ಕೆಲವುದರ ತಲೆ ಮೇಲೆ ಸೈಕಲ್ ಕಟ್ಟಿರುತ್ತಾರೆ. ಲಕ್ಷದ ಮಾಲು, ಮಡಿಕೇರಿ ತನಕ ತುಳಿದು ಅದಕ್ಕೆ ಸುಸ್ತು ಮಾಡಿಸೋದು ತಪ್ಪಲ್ವಾ? ಹೋಂಸ್ಟೇ ತಲುಪಿದ ಮೇಲೆ ಕೆಳಗಿಳಿಸಿ, ಒರೆಸಿ, ಮಂಜಿನ ಎದುರು ನಿಲ್ಲಿಸಿ ಫೋಟೋ ಹೊಡೆದರೆ ಪರಿಸರ ಉಳಿಯಿತು.

ಪಕ್ಕದ ತೋಟದ ಕೂಲಿಯವರ ಸಾಲುಮನೆ, ಅಂದರೆ ಲೈನ್ ಮನೆಯವನು ಸಂತೆಯಿಂದ ಅಕ್ಕಿ ಚೀಲವನ್ನು ಕ್ಯಾರಿಯರ್‌ಗೆ ಬಿಗಿದು, ಏರಿನಲ್ಲಿ ಸೈಕಲ್ ತಳ್ಳಿಕೊಂಡು ಬಂದರೆ ಮಾತ್ರ ಅದು ಟ್ರಾಫಿಕ್‌ಗೆ ಅಡ್ಡಿ. ಹಿಂದಿನಿಂದ ಹಾರ್ನ್ ಒತ್ತುವವರು ಯಾರು ಗೊತ್ತಾ? ತಲೆ ಮೇಲೆ ಸೈಕಲ್ ಕಟ್ಟಿಕೊಂಡವರೇ.

ರಜೆ ದಿನ ತುಳಿಯುವ ಕಾರ್ಬನ್ ಸೈಕಲ್ಲು ಹೆಚ್ಚುಕಮ್ಮಿ 8 ಕೆಜಿ, ಗೇರುಗಳು 20ಕ್ಕೂ ಜಾಸ್ತಿ. ದಿನಾ ತುಳಿಯುವವನದ್ದು 20 ಕೆಜಿ ಕಬ್ಬಿಣ, ಗೇರೇ ಇಲ್ಲ. ಇಳಿಜಾರು ಬಂದರೆ ಅವನು ಸವೆದ ಬ್ರೇಕನ್ನು ನಂಬುವುದಿಲ್ಲ, ಹವಾಯಿ ಚಪ್ಪಲಿಯನ್ನೇ ಟೈರಿಗೆ ಒತ್ತುತ್ತಾನೆ. ಆ ಚಪ್ಪಲಿ ತಿರುಗಿಸಿ ನೋಡಿ, ಅಟ್ಟೆಯಲ್ಲಿ ಟೈರಿನ ಅಗಲಕ್ಕೆ ಸರಿಯಾಗಿ ಒಂದು ಹಳ್ಳ ಬಿದ್ದಿರುತ್ತದೆ. ಹೀಗೇ ಬಿಟ್ಟರೆ ಮುಂದೊಂದು ದಿನ ಅಂಗಡಿಯವರು ಇದನ್ನೂ ಅಡ್ವೆಂಚರ್ ಬ್ರೇಕ್ ಅಂತ ಹೆಸರಿಟ್ಟು ಮಾರಿಯಾರು.

ಸರ್ಕಾರವೇನೂ ಸುಮ್ಮನೆ ಕೂತಿರಲಿಲ್ಲ. 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟಿತು. ಒಳ್ಳೆ ಯೋಜನೆ, ಬೇರೆ ಮಾತಿಲ್ಲ. ಆದರೆ ರಾಯಚೂರಿನ ಬಯಲಿಗೆ ಕೊಟ್ಟ ಗೇರಿಲ್ಲದ ಸೈಕಲ್ಲನ್ನೇ ಸಾವಿರ ಮೀಟರಿಗೂ ಎತ್ತರದ ಮಡಿಕೇರಿಗೂ ಕೊಟ್ಟರು. ಸಮಾನತೆ ಅಂದರೆ ಇದು! ಹುಡುಗಿ ಹತ್ತುವಾಗ ತಳ್ಳಿದಳು, ಇಳಿಯುವಾಗ ಹೆದರಿ ತಳ್ಳಿದಳು, ಆಮೇಲೆ ಅಪ್ಪ ಅದಕ್ಕೆ ಸೌದೆ ಕಟ್ಟಿದ. ಕೋವಿಡ್ ಬಂದ ಮೇಲೆ ಆ ಯೋಜನೆಯೂ ನಿಂತಿತು.

ಬಾಡಿಗೆ ಸೈಕಲ್ ಬೇಕಾ? ಮೈಸೂರಿನಲ್ಲಿ 2017ರಲ್ಲೇ ಟ್ರಿಣ್ ಟ್ರಿಣ್ ಶುರುವಾಯಿತು. ಮಡಿಕೇರಿಯಿಂದ 120 ಕಿಲೋಮೀಟರ್ ಅಷ್ಟೇ, ಬಸ್ ಹತ್ತಿ ಹೋಗಿ ತುಳಿದು ಬನ್ನಿ.

ವಿಶ್ವಸಂಸ್ಥೆಯ ವಿಶ್ವ ಬೈಸಿಕಲ್ ದಿನ ಜೂನ್ 3, ನಮ್ಮಲ್ಲಿ ಮುಂಗಾರು ಬಾಗಿಲು ಬಡಿಯುವ ಹೊತ್ತು. ಅವತ್ತಿನ ಜಾಥಾ ಅಂದರೆ ಟೀ ಶರ್ಟು, ಟೋಪಿ, ಬಾವುಟ, ಮಡಿಕೇರಿಯ ತಿಮ್ಮಯ್ಯ ಸರ್ಕಲ್ಲಿಗೆ ಒಂದು ಸುತ್ತು, ಹಿಂದೆ ಸಾಹೇಬರ ಜೀಪು. ಮಳೆ ಹನಿದರೆ ಸೈಕಲ್ಲೂ ಜೀಪಿಗೆ.

ಅದನ್ನೇ ನಾನೂ ಕೇಳುತ್ತಿರುವುದು. ಸೈಕಲ್ ಕೊಡುವಾಗ ಪ್ರತಿ ಲೈನ್ ಮನೆಗೂ ಒಂದೊಂದು ಜೀಪು ಸೇರಿಸಿ ಕೊಡಿ, ಡೀಸೆಲ್ಲಿಗೆ ಸಬ್ಸಿಡಿ ಇರಲಿ. ಏರಿನಲ್ಲಿ ಸೈಕಲ್ಲನ್ನು ತಲೆ ಮೇಲೆ ಕೂರಿಸಿಕೊಂಡು ಹೋಗುವುದು ಅವರಿಗೂ ಚೆನ್ನಾಗಿಯೇ ಬರುತ್ತದೆ.