ಆಷಾಢದ ಗರ್ಭವೂ ಹೆರಿಗೆ ರಿಜಿಸ್ಟರಿನ ಲೆಕ್ಕವೂ

ಆಷಾಢದಲ್ಲಿ ಹೊಸ ಸೊಸೆಯನ್ನು ತವರಿಗೆ ಕಳಿಸುವ ನಮ್ಮ ಹಳೇ ಮೈಸೂರು ಸೀಮೆಯ ಪದ್ಧತಿಗೆ, ಆಗ ಗರ್ಭ ನಿಂತರೆ ಹೆರಿಗೆ ಚೈತ್ರದ ಬಿಸಿಲಿಗೆ ಬೀಳುತ್ತದೆ ಎಂಬ ಕಾರಣವನ್ನು ಹಿರಿಯರು ಕೊಡುತ್ತಾರೆ. ಇದನ್ನು ವಿಜ್ಞಾನವೂ ಒಪ್ಪಿದೆ ಎಂಬ ಸಂದೇಶ ಪ್ರತಿ ವರ್ಷ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತದೆ. ಬಿಸಿಲಿಗೂ ಹೆರಿಗೆಗೂ ನಂಟೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ತೀವ್ರ ಸೆಕೆಯಲ್ಲಿ ಅವಧಿಪೂರ್ವ ಹೆರಿಗೆ, ಅಂದರೆ ಕೊನೆಯ ಮುಟ್ಟಿನಿಂದ ಎಣಿಸಿ 37 ವಾರ ತುಂಬುವ ಮೊದಲೇ ಆಗುವ ಹೆರಿಗೆ, ಹೆಚ್ಚುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ನನ್ನ ತಕರಾರು ಯಾವ ಕೂಸುಗಳು ಲೆಕ್ಕಕ್ಕೆ ಸೇರಿದವು ಎಂಬುದರ ಬಗ್ಗೆ.

ಒಂದು ಆಸ್ಪತ್ರೆಯ 2024ರ ಇಡೀ ವರ್ಷದ ಹೆರಿಗೆ ರಿಜಿಸ್ಟರನ್ನು ತೆಗೆದುಕೊಂಡು, ಗರ್ಭ ನಿಂತ ತಿಂಗಳಿನ ಪ್ರಕಾರ ಕೂಸುಗಳನ್ನು ವಿಂಗಡಿಸಿದೆವು ಎನ್ನೋಣ. 2023ರ ಏಪ್ರಿಲ್ 10ರಂದು ಕೊನೆಯ ಮುಟ್ಟು ಕಂಡವರಲ್ಲಿ 37 ವಾರ ತುಂಬುವ ಮೊದಲೇ ಹೆತ್ತವರ ಹೆಸರು ಹಿಂದಿನ ವರ್ಷದ ರಿಜಿಸ್ಟರಿನಲ್ಲೇ ಉಳಿದಿರುತ್ತದೆ. ನಮಗೆ ಸಿಗುವವರು 38 ವಾರ ತುಂಬಿದವರು ಮಾತ್ರ. 2024ರ ಮೇ 15ರಂದು ಕೊನೆಯ ಮುಟ್ಟು ಕಂಡವರಿಗಾದರೋ ಡಿಸೆಂಬರ್ 31ಕ್ಕೆ 33 ವಾರವೂ ತುಂಬಿರುವುದಿಲ್ಲವಾದ್ದರಿಂದ, ಅವರಲ್ಲಿ ರಿಜಿಸ್ಟರಿಗೆ ಬಂದವರೆಲ್ಲ ತಿಂಗಳು ತುಂಬದೆ ಹೆತ್ತವರೇ. ಒಂದು ಗುಂಪಿನಲ್ಲಿ ಅವಧಿಪೂರ್ವ ಹೆರಿಗೆ ಸೊನ್ನೆ, ಇನ್ನೊಂದರಲ್ಲಿ ನೂರಕ್ಕೆ ನೂರು. ಮಳೆ ಬಿಸಿಲುಗಳ ಪಾತ್ರ ಇದರಲ್ಲಿ ಏನೂ ಇಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಸಂಶೋಧಕರಾದ ಸ್ಟ್ರ್ಯಾಂಡ್, ಬಾರ್ನೆಟ್ ಮತ್ತು ಟಾಂಗ್ 2011ರಲ್ಲಿ ಈ ದೋಷವನ್ನು ಬಿಡಿಸಿ ತೋರಿಸಿದರು. ಅತಿ ಬೇಗ ಹೆತ್ತರೂ ಅತಿ ತಡವಾಗಿ ಹೆತ್ತರೂ ರಿಜಿಸ್ಟರಿನೊಳಗೇ ಬರುವ ಗರ್ಭಗಳನ್ನಷ್ಟೇ ಎಣಿಸಿದರೆ ದೋಷ ಹೋಗುತ್ತದೆ. ಆದರೆ ಹಾಗೆ ಎಣಿಸಿದಾಗ ಒಂದು ವರ್ಷದ ರಿಜಿಸ್ಟರಿನಲ್ಲಿ ಉಳಿಯುವುದು ಸುಮಾರು ಏಳು ತಿಂಗಳ ಗರ್ಭಗಳಷ್ಟೇ, ಆದ್ದರಿಂದ ಹಲವು ವರ್ಷಗಳ ದಾಖಲೆ ಬೇಕು. ಇಂಥ ಲೆಕ್ಕ ಹಾಕುವ ವೈದ್ಯ ವಿದ್ಯಾರ್ಥಿಯ ಎಂ.ಡಿ. ಪ್ರಬಂಧದ ಗಡುವು ಅಷ್ಟು ಕಾಯುವುದಿಲ್ಲ.

ತಾಯಂದಿರೂ ಎಲ್ಲ ತಿಂಗಳಲ್ಲಿ ಒಂದೇ ಬಗೆಯವರಾಗಿರುವುದಿಲ್ಲ. ಅಮೆರಿಕದಲ್ಲಿ ಚಳಿಗಾಲದಲ್ಲಿ ಹೆರುವವರ ಪೈಕಿ ಹದಿಹರೆಯದವರು, ಮದುವೆಯಾಗದವರು, ಹೈಸ್ಕೂಲು ಮುಗಿಸದವರು ಹೆಚ್ಚೆಂದು ಅರ್ಥಶಾಸ್ತ್ರಜ್ಞರಾದ ಬಕಲ್ಸ್ ಮತ್ತು ಹಂಗರ್‌ಮನ್ 2013ರಲ್ಲಿ ತೋರಿಸಿದರು. ನಮ್ಮಲ್ಲಿ ಆಷಾಢದ ಪದ್ಧತಿಯೇ ಇಂಥ ಏರುಪೇರು ತರಬಲ್ಲದು: ಅದನ್ನು ಪಾಲಿಸುವ ಕಡೆ ಆ ತಿಂಗಳು ನಿಲ್ಲುವ ಗರ್ಭಗಳಲ್ಲಿ ಚೊಚ್ಚಲು ಕಡಿಮೆಯಿರುತ್ತದೆ, ಮತ್ತು ಚೊಚ್ಚಲ ಕೂಸಿನ ತೂಕ ಸರಾಸರಿಯಲ್ಲಿ ಮುಂದಿನ ಕೂಸುಗಳಿಗಿಂತ ಕಡಿಮೆ. ಚೈತ್ರದ ಕೂಸುಗಳು ಹೆಚ್ಚು ತೂಗಿದರೆ ಅದಕ್ಕಾಗಿ ಬಿಸಿಲನ್ನು ಹೊಗಳಬೇಕಾಗಿಲ್ಲ. ಅದೇ 2013ರಲ್ಲಿ ಅರ್ಥಶಾಸ್ತ್ರಜ್ಞರಾದ ಕರ್ರಿ ಮತ್ತು ಶ್ವಾಂಟ್ ಅಮೆರಿಕದಲ್ಲಿ ಒಂದೇ ತಾಯಿಯ ಮಕ್ಕಳನ್ನು ಪರಸ್ಪರ ಹೋಲಿಸಿದರು. ಆಗಲೂ ಮೇ ತಿಂಗಳಲ್ಲಿ ಗರ್ಭ ನಿಂತ ಮಕ್ಕಳಲ್ಲಿ ಅವಧಿಪೂರ್ವ ಹೆರಿಗೆ ಹೆಚ್ಚಾಗಿಯೇ ಕಂಡಿತು, ಅವರ ಹೆರಿಗೆಯ ಸಮಯ ಅಲ್ಲಿನ ಫ್ಲೂ ಕಾಲಕ್ಕೆ ಬೀಳುತ್ತಿತ್ತು. ಇಂಥ ಫಲಿತಾಂಶವನ್ನು ನಾನು ನಂಬುತ್ತೇನೆ.

ಇನ್ನು ಹುಟ್ಟಿದ ತಿಂಗಳನ್ನು ಬಾಯಿಮಾತಿನಲ್ಲಿ ಕೇಳಿ ಬರೆದುಕೊಂಡ ಸಮೀಕ್ಷೆಗಳಿವೆ. ವರ್ಷ ಸರಿಯಿದ್ದು ತಿಂಗಳು ತಪ್ಪಿದ್ದರೆ, ಡಿಸೆಂಬರ್ ಎಂದು ಬರೆದ ಮಗು ನಿಜದಲ್ಲಿ ಅದಕ್ಕಿಂತ ದೊಡ್ಡದು, ಜನವರಿ ಎಂದು ಬರೆದದ್ದು ಚಿಕ್ಕದು. ವಯಸ್ಸಿಗೆ ತಕ್ಕ ಎತ್ತರ ನೋಡುವಾಗ ಡಿಸೆಂಬರಿನವರು ಎತ್ತರ, ಜನವರಿಯವರು ಗಿಡ್ಡ ಎಂಬ ಋತುವೊಂದು ಕಾಗದದ ಮೇಲೆಯೇ ಹುಟ್ಟಿಕೊಳ್ಳುತ್ತದೆ. ನನ್ನ ಶಾಲಾ ದಾಖಲೆಯಲ್ಲಿ ಜೂನ್ 1 ಎಂದಿದೆ, ತರಗತಿಯಲ್ಲಿ ಇನ್ನೂ ಹಲವರದ್ದು ಅದೇ ತಾರೀಖು. ಅವ್ವನ ಪ್ರಕಾರ ನಾನು ಹುಟ್ಟಿದ್ದು ಸುಗ್ಗಿಯಲ್ಲಿ, ರಾಗಿ ಇನ್ನೂ ಕಣದಲ್ಲಿದ್ದಾಗ.