ಹಿಟ್ಟು ತರಲು ಹೋದ ಜೇಮ್ಸ್ ಬೂನ್

ಡೇನಿಯಲ್ ಬೂನ್ ಅಂದರೆ ಅಮೆರಿಕದ ಕೆಂಟಕಿಗೆ ದಾರಿ ಕಡಿದ ಸಾಹಸಿ. ಅವನ ಹಿರಿಮಗ ಜೇಮ್ಸ್ ಆ ದಾರಿ ಆಗುವ ಮೊದಲೇ, 16ನೇ ವಯಸ್ಸಿನಲ್ಲಿ ಸತ್ತ. ಆ ಸಾವನ್ನು 'ಇಂಡಿಯನ್ನರ', ಅಂದರೆ ಅಲ್ಲಿನ ಮೂಲನಿವಾಸಿಗಳ, 'ಕ್ರೌರ್ಯ' ಅಂತ ಒಂದೇ ಮಾತಲ್ಲಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ.

1773ರ ಸೆಪ್ಟೆಂಬರ್ ಕೊನೆಗೆ ಬೂನ್ ನಾರ್ತ್ ಕ್ಯಾರೊಲಿನಾದ ಯಾಡ್ಕಿನ್ ಕಣಿವೆಯಿಂದ ಹೆಂಡತಿ ರೆಬೆಕ್ಕ, ಎಂಟು ಮಕ್ಕಳು, ಇನ್ನಷ್ಟು ಕುಟುಂಬಗಳನ್ನು ಕರೆದುಕೊಂಡು ಕೆಂಟಕಿಯಲ್ಲಿ ನೆಲೆಸಲು ಹೊರಟ. ಗಾಡಿ ಹೋಗದ ಕಾಲುದಾರಿ ಅದು. ಸಾಮಾನೆಲ್ಲ ಕುದುರೆಗಳ ಬೆನ್ನ ಮೇಲೆ, ಜೊತೆಗೆ ದನಗಳು. ಹಾಗೆ ಹೊರಟ ಗುಂಪು ಒಟ್ಟಿಗೆ ಸಾಗುವುದು ಕಷ್ಟ. ಹಿಟ್ಟು, ಸಲಕರಣೆ ಬೇಕಾದವು. ಈ ವಲಸೆಯ ಜೊತೆಗಾರ ಕ್ಯಾಪ್ಟನ್ ವಿಲಿಯಂ ರಸೆಲ್‌ನಿಂದ ತರಲು ಜೇಮ್ಸ್‌ನನ್ನು ಮೆಂಡೆನ್‌ಹಾಲ್ ಸೋದರರ ಜೊತೆ ಕಳಿಸಿದರು. ರಸೆಲ್ ತನ್ನ 17ರ ಮಗ ಹೆನ್ರಿಯನ್ನೂ, ಐಸಾಕ್ ಕ್ರ್ಯಾಬ್‌ಟ್ರೀಯನ್ನೂ, ಚಾರ್ಲ್ಸ್ ಮತ್ತು ಆಡಂ ಎಂಬ ಇಬ್ಬರು ಗುಲಾಮರನ್ನೂ ಜೊತೆಗೆ ಕೊಟ್ಟ.

ಅಕ್ಟೋಬರ್ 9ರ ಕತ್ತಲಲ್ಲಿ ಇವರು ಪೊವೆಲ್ ಕಣಿವೆಯಲ್ಲಿ ತಂಗಿದರು. ಬೂನ್‌ನ ಬಿಡಾರ ಕೆಲವೇ ಮೈಲಿ ಮುಂದಿತ್ತು, ಇವರಿಗೆ ಗೊತ್ತಿರಲಿಲ್ಲ. ಮಾರನೇ ದಿನ ನಸುಕಿಗೇ ಗುಂಡು ಹಾರಿತು. ಜೇಮ್ಸ್‌ಗೂ ಹೆನ್ರಿಗೂ ಸೊಂಟಕ್ಕೇ ಪೆಟ್ಟು, ಓಡಲಾಗಲಿಲ್ಲ. ಆಮೇಲೆ ಇಬ್ಬರನ್ನೂ ಚಿತ್ರಹಿಂಸೆ ಕೊಟ್ಟು ಕೊಂದರು. ಹೊಡೆದವರಲ್ಲಿ ಬೂನ್ ಮನೆಗೆ ಬಂದು ಹೋಗುತ್ತಿದ್ದ ಬಿಗ್ ಜಿಮ್ ಎಂಬ ಶಾನಿ ಬುಡಕಟ್ಟಿನವನೂ ಇದ್ದ. ಜೇಮ್ಸ್ ಅವನ ಗುರುತು ಹಿಡಿದು, ಬೇಗ ಕೊಂದುಬಿಡು ಅಂತ ಬೇಡಿಕೊಂಡನಂತೆ. ಹೊಳೆಯಲ್ಲಿ ತೇಲಿಬಂದ ಮರದ ರಾಶಿಯ ಮರೆಯಲ್ಲಿ ಅಡಗಿದ್ದ ಆಡಂ ಬದುಕುಳಿದು ಇದನ್ನೆಲ್ಲ ಹೇಳಿದ. ಚಾರ್ಲ್ಸ್‌ನನ್ನು ಹಿಡಿದೊಯ್ದು ಕೊಂದರು. ಅವನ ಹೆಸರು ಹೇಳುವವರೇ ಕಡಿಮೆ, ಅದು ಅನ್ಯಾಯ. ಹುಡುಗರ ಹೆಣ ಸುತ್ತಲು ರೆಬೆಕ್ಕ ಲಿನನ್ ಹೊದಿಕೆ ಕಳಿಸಿದಳು. ಮುಂದಿನ ವಸಂತದಲ್ಲಿ ಬೂನ್ ಬಂದು ನೋಡಿದರೆ ತೋಳಗಳು ಗೋರಿ ಕೆದಕಿದ್ದವು, ಮತ್ತೆ ಆಳವಾಗಿ ಹೂತ.

ಇಷ್ಟಕ್ಕೂ ಆ ಹುಡುಗ ಅಲ್ಲಿ ಯಾಕಿದ್ದ? ಅಪಲಾಚಿಯನ್ ಬೆಟ್ಟಗಳ ಪಶ್ಚಿಮಕ್ಕೆ ನೆಲೆಸಕೂಡದು ಅಂತ ಬ್ರಿಟಿಷ್ ದೊರೆ 1763ರಲ್ಲೇ ಆಜ್ಞೆ ಹೊರಡಿಸಿದ್ದ. 1768ರ ಸ್ಟ್ಯಾನ್ವಿಕ್ಸ್ ಒಪ್ಪಂದದಲ್ಲಿ ಓಹಿಯೋ ನದಿಯ ದಕ್ಷಿಣದ ನೆಲವನ್ನು ಇರೊಕ್ವಾಯ್ ಎಂಬ ಬೇರೆ ಬುಡಕಟ್ಟುಗಳ ಒಕ್ಕೂಟದ ಮುಖಂಡರು ಬ್ರಿಟಿಷರಿಗೆ ಬಿಟ್ಟುಕೊಟ್ಟರು. ಅಲ್ಲಿ ಬೇಟೆಯಾಡಿ ಬದುಕುತ್ತಿದ್ದ ಶಾನಿಗಳು ಅದನ್ನು ಒಪ್ಪಲಿಲ್ಲ. ಯಾರದೋ ನೆಲಕ್ಕೆ ಇನ್ಯಾರದೋ ಸಹಿ. ಅದರ ಬೆಲೆ ತೆತ್ತವರು ಹಿಟ್ಟಿನ ಮೂಟೆ ಹೊರಿಸಿಕೊಂಡು ಬರುತ್ತಿದ್ದ ಹುಡುಗರು. ಕೊಂದ ರೀತಿಯನ್ನು ನಾನು ಸಮರ್ಥಿಸುತ್ತಿಲ್ಲ, ಆದರೆ ಕಾರಣ ಇಲ್ಲಿದೆ.

ಸೇಡೂ ತಪ್ಪು ಮಾಡದವರ ಮೇಲೆಯೇ ಬಿತ್ತು. ತಪ್ಪಿಸಿಕೊಂಡಿದ್ದ ಕ್ರ್ಯಾಬ್‌ಟ್ರೀ 1774ರಲ್ಲಿ ಕುದುರೆ ಪಂದ್ಯವೊಂದರಲ್ಲಿ ಏನೂ ಮಾಡದ ಚೆರೋಕಿ ಬುಡಕಟ್ಟಿನವನೊಬ್ಬನನ್ನು ಕೊಂದ. ಬೂನ್‌ನ ಎರಡನೇ ಮಗ ಇಸ್ರೇಲ್ 1782ರ ಆಗಸ್ಟ್ 19ರಂದು ಕೆಂಟಕಿಯ ಬ್ಲೂ ಲಿಕ್ಸ್‌ನಲ್ಲಿ ಬ್ರಿಟಿಷರು ಮತ್ತು ಅವರ ಕಡೆಯ ಮೂಲನಿವಾಸಿಗಳ ಜೊತೆ ನಡೆದ ಕಾಳಗದಲ್ಲಿ ಸತ್ತ. ಒಂದೇ ನೆಲಕ್ಕೆ ಹತ್ತಾರು ಸರ್ವೆ, ಕಾಗದಪತ್ರ ಸರಿಯಿಲ್ಲ, ಮೇಲೆ ವ್ಯಾಜ್ಯ. ಹೀಗೆ ಬೂನ್ ಕೆಂಟಕಿಯ ಜಮೀನನ್ನೂ ಕಳೆದುಕೊಂಡು 1799ರಲ್ಲಿ ಮಿಸ್ಸೂರಿಗೆ ಹೊರಟುಹೋದ.